ನಿಸ್ಸಾನ್ ಜಿಟಿ-ಆರ್, ಪೋರ್ಷೆ 911 ಟರ್ಬೊ: ಎರಡಕ್ಕೂ 480 ಪಿಎಸ್, ಮುಂದೆ ಹೋಗೋದು ಯಾವುದು?

ನಾಲ್ಕುಗಾಲಿ

ನಮ್ಮ ಈ ಕಾರು ಚರ್ಚಾಕೂಟದಲ್ಲಿ ಆಗಾಗ ಎದ್ದು ಅರ್ಧಕ್ಕೇ ನಿಂತುಹೋಗುವ ವಾದ ಇದು. ಈ ಸಲ ಲೆಕ್ಕ ಮುಂದಿಟ್ಟುಕೊಂಡೇ ಮಾತಾಡೋಣ.

ಒಂದು ಕಡೆ ನಿಸ್ಸಾನ್ ಜಿಟಿ-ಆರ್, ಆರ್35. 2007ರ ಅಕ್ಟೋಬರ್‌ನಲ್ಲಿ ಟೋಕಿಯೊ ಮೋಟಾರ್ ಷೋದಲ್ಲಿ ತೋರಿಸಿದರು. ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಮಾರಾಟ ಶುರುವಾಯಿತು. 3.8 ಲೀಟರ್ ವಿ6 ಎಂಜಿನ್, ಅದಕ್ಕೆ ಹೆಚ್ಚು ಗಾಳಿ ತುಂಬುವ ಎರಡು ಟರ್ಬೊ, 480 ಪಿಎಸ್ (ಅಶ್ವಶಕ್ತಿ), 588 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ತೂಕ 1,740 ಕೆ.ಜಿ.

ಇನ್ನೊಂದು ಕಡೆ ಪೋರ್ಷೆ 911 ಟರ್ಬೊ, 997 ಪೀಳಿಗೆಯದು. 2006ರಲ್ಲಿ ಜಿನೀವಾದಲ್ಲಿ ಹೊರಬಂತು. 3.6 ಲೀಟರ್‌ನ ಆರು ಸಿಲಿಂಡರ್ ಬಾಕ್ಸರ್ (ಸಿಲಿಂಡರ್‌ಗಳು ಎದುರುಬದುರು ಮಲಗಿರುವ) ಎಂಜಿನ್, ಅದೂ ಕಾರಿನ ಹಿಂಬದಿಯಲ್ಲಿ. ಅದಕ್ಕೂ ಎರಡು ಟರ್ಬೊ, ಅದಕ್ಕೂ 480 ಪಿಎಸ್. ಟಾರ್ಕ್ 620. ತೂಕ 1,585 ಕೆ.ಜಿ. ಎರಡೂ ಕಾರುಗಳಲ್ಲಿ ಎಂಜಿನ್ ನಾಲ್ಕು ಚಕ್ರಗಳನ್ನೂ ತಿರುಗಿಸುತ್ತದೆ.

ಈಗ ನೋಡಿ. ಪೋರ್ಷೆ 155 ಕೆ.ಜಿ. ಹಗುರ, ಟಾರ್ಕೂ ಜಾಸ್ತಿ. ಟನ್ನಿಗೆ 303 ಪಿಎಸ್ ಬೀಳುತ್ತದೆ. ಜಿಟಿ-ಆರ್‌ಗೆ 276 ಮಾತ್ರ. ಆದರೆ ಮ್ಯಾನುಯಲ್ ಗೇರಿನ 911 ಟರ್ಬೊಗೆ ಪೋರ್ಷೆ ತಾನೇ ಹೇಳಿದ 0-100 ಸಮಯ, ಅಂದರೆ ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ಮುಟ್ಟುವ ಸಮಯ, 3.9 ಸೆಕೆಂಡ್. ಜಿಟಿ-ಆರ್ ಪತ್ರಿಕೆಗಳ ಪರೀಕ್ಷೆಯಲ್ಲಿ 3.5ರ ಆಸುಪಾಸಿಗೆ ಬರುತ್ತಿತ್ತು. ಭಾರದ ಕಾರು ಮುಂದೆ, ಹಗುರದ ಕಾರು ಹಿಂದೆ!

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. 0-100 ಅನ್ನೋ ಅಂಕಿ ಎಂಜಿನ್ ಬಗ್ಗೆ ಬಹಳ ಕಡಿಮೆ ಹೇಳುತ್ತದೆ. ಟೈರು, ಗೇರ್‌ಬಾಕ್ಸ್, ಹೊರಡುವ ರೀತಿ, ಈ ಮೂರರ ಪರೀಕ್ಷೆ ಅದು. ಒಪ್ಪದವರು ದಯವಿಟ್ಟು ವಾದ ಮಾಡಿ.

ಮಲ್ನಾಡ್ ಘಾಟಿ

ನಾನು ಒಪ್ಪುವುದಿಲ್ಲ ಸರ್. ಎಂಜಿನ್‌ನಲ್ಲಿ ದಮ್ಮಿಲ್ಲದೆ ಯಾವ ಟೈರು, ಯಾವ ಗೇರ್‌ಬಾಕ್ಸ್ ಹಾಕಿದರೂ 3.5 ಸೆಕೆಂಡ್ ಬರುತ್ತಾ? ಜಿಟಿ-ಆರ್ ಎಂಜಿನ್ ಕಾಗದದ ಮೇಲೆ 480 ಅಂತ ಹೇಳಿದರೂ ನಿಜವಾಗಿ ಅದಕ್ಕಿಂತ ಜಾಸ್ತಿ ಕೊಡುತ್ತಿತ್ತು ಅಂತ ಆಗಲೇ ಎಷ್ಟೋ ಜನ ಅನುಮಾನಪಟ್ಟಿದ್ದರು.

ಗ್ಯಾರೇಜ್ ಅಣ್ಣ

ಘಾಟಿಯವರೇ, ಅನುಮಾನ ಪಕ್ಕಕ್ಕಿಡಿ. ಹೇಳಿದ 480 ಪಿಎಸ್ ಅನ್ನೇ ನಂಬಿ ಲೆಕ್ಕ ಹಾಕಿದರೂ ಉತ್ತರ ಸಿಗುತ್ತದೆ.

480 ಪಿಎಸ್ ಅಂದರೆ 353 ಕಿಲೋವ್ಯಾಟ್. ಡ್ರೈವರ್, ಪೆಟ್ರೋಲ್ ಸೇರಿಸಿ ಜಿಟಿ-ಆರ್ 1,840 ಕೆ.ಜಿ. ಅಂದುಕೊಳ್ಳಿ. ಅಷ್ಟು ಭಾರವನ್ನು ಗಂಟೆಗೆ 100 ಕಿ.ಮೀ. ವೇಗಕ್ಕೆ ತರಲು ಬೇಕಾದ ಶಕ್ತಿ ಸುಮಾರು 7.1 ಲಕ್ಷ ಜೂಲ್. 353 ಕಿಲೋವ್ಯಾಟ್ ಅಂದರೆ ಸೆಕೆಂಡಿಗೆ 3.53 ಲಕ್ಷ ಜೂಲ್, ಅದರಿಂದ ಭಾಗಿಸಿ. 2 ಸೆಕೆಂಡ್! ಎಂಜಿನ್ನಿನ ಶಕ್ತಿಯೆಲ್ಲ ಮೊದಲ ಕ್ಷಣದಿಂದಲೇ ರಸ್ತೆಗೆ ಇಳಿದರೆ 2 ಸೆಕೆಂಡ್ ಸಾಕು.

ಇಳಿಯಲ್ಲ. ಯಾಕೆ? ಟೈರ್ ಬಿಡಲ್ಲ. ಒಳ್ಳೆ ರಸ್ತೆ ಟೈರಿನ ಹಿಡಿತ ಹೆಚ್ಚುಕಡಿಮೆ ಕಾರಿನ ತೂಕದಷ್ಟೇ. ಅಂದರೆ ನಾಲ್ಕೂ ಚಕ್ರ ಪೂರ್ತಿ ದುಡಿದರೂ ಪ್ರತಿ ಸೆಕೆಂಡಿಗೆ ಏರುವ ವೇಗ, ಸೆಕೆಂಡಿಗೆ 9.8 ಮೀಟರ್ ಅಷ್ಟೇ. ಆ ಲೆಕ್ಕದಲ್ಲಿ 100 ಮುಟ್ಟಲು 2.8 ಸೆಕೆಂಡ್ ಬೇಕೇ ಬೇಕು. ಎಂಜಿನ್ 2 ಅನ್ನುತ್ತದೆ, ಟೈರ್ 2.8 ಅನ್ನುತ್ತದೆ. ಶುರುವಿನಲ್ಲಿ ಟೈರಿನ ಮಾತೇ ನಡೆಯೋದು.

ಗೇರ್‌ಬಾಕ್ಸ್, ಶಾಫ್ಟ್‌ಗಳಲ್ಲಿ ಹೋಗುವ ನಷ್ಟ ಕಳೆದು ಚಕ್ರಕ್ಕೆ 300 ಕಿಲೋವ್ಯಾಟ್ ಸಿಗುತ್ತದೆ ಅಂದುಕೊಂಡರೆ, ಸುಮಾರು 60 ಕಿ.ಮೀ. ವೇಗದವರೆಗೆ ಟೈರಿನ ರಾಜ್ಯ. ಅಲ್ಲಿಂದಾಚೆ ಎಂಜಿನ್ನಿನ ರಾಜ್ಯ. ಜಿಟಿ-ಆರ್ ಮೊದಲ ಗೇರ್ ಮುಗಿಯೋದೂ ಅಲ್ಲೇ, 62ರ ಹತ್ತಿರ. ಎರಡನೇ ಗೇರ್ 110ರ ತನಕ ಹೋಗುತ್ತದೆ. 100ರೊಳಗೆ ಒಂದೇ ಗೇರ್ ಬದಲಾವಣೆ.

ನಾಲ್ಕುಗಾಲಿ

ಅಣ್ಣಾ, ಇದನ್ನೇ ನಾನು ಹೇಳಬೇಕು ಅಂತಿದ್ದೆ. ಹಾಗಾದರೆ ಹಿಂದೆ ಎಂಜಿನ್ ಇಟ್ಟುಕೊಂಡ 911ಗೆ ಹಿಡಿತ ಇನ್ನೂ ಚೆನ್ನಾಗಿರಬೇಕು ಅಲ್ವಾ? ಹೊರಡುವಾಗ ಭಾರವೆಲ್ಲ ಹಿಂದಕ್ಕೆ ವಾಲುತ್ತದೆ. ಹಿಂದೆ 305 ಅಗಲದ ಟೈರ್ ಬೇರೆ ಇದೆ.

ಗ್ಯಾರೇಜ್ ಅಣ್ಣ

ಹೌದು, 911ಗೆ ಅದು ಹುಟ್ಟಿನಿಂದ ಬಂದ ಲಾಭ. ನಿಸ್ಸಾನ್‌ನವರ ಎಂಜಿನ್ ಮುಂದೆ ಇದೆ. ಅದಕ್ಕೆ ಅವರು ಗೇರ್‌ಬಾಕ್ಸನ್ನು ಹಿಂದಿನ ಆಕ್ಸಲ್ ಹತ್ತಿರ ಒಯ್ದು ಕೂರಿಸಿದರು. ಎಂಜಿನ್ನಿನಿಂದ ಒಂದು ಶಾಫ್ಟ್ ಹಿಂದಕ್ಕೆ ಹೋಗುತ್ತದೆ. ಅಲ್ಲಿ ಗೇರ್ ಆಗಿ, ಮುಂದಿನ ಚಕ್ರಗಳಿಗೆ ಇನ್ನೊಂದು ಶಾಫ್ಟ್ ವಾಪಸ್ ಬರುತ್ತದೆ. ಎರಡು ಉದ್ದದ ಶಾಫ್ಟ್! ತೂಕ ಜಾಸ್ತಿಯಾಗಲು ಇದೂ ಒಂದು ಕಾರಣ. ಆದರೆ ಮುಂದೆ ಹಿಂದೆ ಭಾರ 53-47 ಹಂಚಿಕೆಯಾಯಿತು. ಈ ಕಾರಿನ ಹಿಂದಿದ್ದ ಮುಖ್ಯ ಎಂಜಿನಿಯರ್ ಕಜುತೋಶಿ ಮಿಜುನೊ. ತೂಕ ಇದ್ದರೆ ಟೈರ್ ನೆಲಕ್ಕೆ ಒತ್ತಿ ಕೂರುತ್ತದೆ ಅನ್ನೋದು ಅವರ ವಾದ. ಹಗುರ ಮಾಡುವುದೇ ಸ್ಪೋರ್ಟ್ಸ್ ಕಾರಿನ ಧರ್ಮ ಅಂತ ನಂಬಿದವರಿಗೆ ಅದು ಹಿಡಿಸಲಿಲ್ಲ.

ಆದರೂ ನನ್ನ ಪ್ರಕಾರ ಹಿಡಿತಕ್ಕಿಂತ ದೊಡ್ಡ ವ್ಯತ್ಯಾಸ ಗೇರ್‌ಬಾಕ್ಸಿನದು. ಜಿಟಿ-ಆರ್‌ನದು ಎರಡು ಕ್ಲಚ್‌ನ ಆರು ಗೇರಿನ ಬಾಕ್ಸ್. ಒಂದು ಗೇರಿನಲ್ಲಿ ಓಡುತ್ತಿರುವಾಗಲೇ ಮುಂದಿನ ಗೇರ್ ತಯಾರಾಗಿ ಕೂತಿರುತ್ತದೆ. ಒಂದು ಕ್ಲಚ್ ಬಿಡುತ್ತಾ ಬಂದಂತೆ ಇನ್ನೊಂದು ಹಿಡಿಯುತ್ತದೆ. ಎಳೆತ ಕಡಿಯುವುದಿಲ್ಲ. ಮ್ಯಾನುಯಲ್‌ನಲ್ಲಿ ಎಷ್ಟೇ ಕೈಚಳಕ ಇದ್ದರೂ ಆಕ್ಸಿಲರೇಟರ್ ಬಿಡಬೇಕು, ಕ್ಲಚ್ ತುಳಿಯಬೇಕು, ಗೇರ್ ಹಾಕಬೇಕು, ಮತ್ತೆ ತುಳಿಯಬೇಕು. ಅಷ್ಟು ಹೊತ್ತು ಕಾರಿಗೆ ಎಳೆತವೇ ಇಲ್ಲ. ಜೊತೆಗೆ ಟರ್ಬೊ ಒತ್ತಡವೂ ಇಳಿದುಹೋಗುತ್ತದೆ.

ಸ್ಟುಟ್‌ಗಾರ್ಟ್ ಕನ್ನಡಿಗ

ಅಣ್ಣ ಹೇಳಿದ್ದಕ್ಕೆ ಪೋರ್ಷೆಯ ಅಂಕಿಗಳಲ್ಲೇ ಸಾಕ್ಷಿ ಇದೆ. 997 ಟರ್ಬೊ ಎರಡು ಗೇರ್‌ಬಾಕ್ಸ್‌ಗಳಲ್ಲಿ ಬರುತ್ತಿತ್ತು. ಆರು ಗೇರಿನ ಮ್ಯಾನುಯಲ್, ಐದು ಗೇರಿನ ಟಿಪ್‌ಟ್ರಾನಿಕ್ ಎಸ್. ಟಿಪ್‌ಟ್ರಾನಿಕ್ ಅಂದರೆ ಟಾರ್ಕ್ ಕನ್ವರ್ಟರ್ ಇರುವ ಮಾಮೂಲಿ ಆಟೊಮ್ಯಾಟಿಕ್. 35 ಕೆ.ಜಿ. ಭಾರ ಬೇರೆ ಜಾಸ್ತಿ, 1,620 ಕೆ.ಜಿ. ಆದರೂ:

ಮ್ಯಾನುಯಲ್: 0-100ಕ್ಕೆ 3.9, 0-200ಕ್ಕೆ 12.8 ಸೆಕೆಂಡ್.
ಟಿಪ್‌ಟ್ರಾನಿಕ್ ಎಸ್: 0-100ಕ್ಕೆ 3.7, 0-200ಕ್ಕೆ 12.2 ಸೆಕೆಂಡ್.

ಅದೇ ಎಂಜಿನ್, ಒಂದು ಗೇರ್ ಕಡಿಮೆ, ತೂಕ ಜಾಸ್ತಿ, ಆದರೂ ಬೇಗ! ಇನ್ನೂ ಹತ್ತಿರದಿಂದ ನೋಡಿ. 100ರವರೆಗೆ ಗಳಿಸಿದ್ದು 0.2 ಸೆಕೆಂಡ್. 100ರಿಂದ 200ರ ನಡುವೆ ಗಳಿಸಿದ್ದು 0.4. ಮ್ಯಾನುಯಲ್ 200 ಮುಟ್ಟುವುದರೊಳಗೆ ಇನ್ನೂ ಎರಡು ಸಲ ಗೇರ್ ಬದಲಿಸಬೇಕು. ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಸೋರಿಹೋಗುತ್ತದೆ. ಹಾಗಾಗಿ ನಾಲ್ಕುಗಾಲಿಯವರೇ, ಗೇರ್‌ಬಾಕ್ಸ್ ಬರೀ ಹೊರಡುವಾಗಿನ ವಿಷಯ ಅಂತ ತಿಳಿಯಬೇಡಿ.

ಇಲ್ಲಿ ಜರ್ಮನಿಯಲ್ಲಿ 0-200 ಅನ್ನುವ ಅಂಕಿಗೆ ಬೆಲೆ ಜಾಸ್ತಿ. ಆಟೊಬಾನ್ ಹೆದ್ದಾರಿಯಲ್ಲಿ 120ರ ಮಿತಿ ಮುಗಿಯಿತು ಅನ್ನುವ ಬಿಳಿ ಫಲಕ ಬಂದ ಕೂಡಲೇ ಎಲ್ಲರೂ ಕಾಲು ಒತ್ತುತ್ತಾರೆ. ನಿಂತಲ್ಲಿಂದ ಹೊರಡುವ ಪ್ರಶ್ನೆಯೇ ಅಲ್ಲಿಲ್ಲ. 120ರಿಂದ ಮುಂದಕ್ಕೆ ಹೇಗೆ ಎಳೆಯುತ್ತದೆ ಅನ್ನೋದೇ ಲೆಕ್ಕ.

ಹೊಸ ಲೈಸೆನ್ಸ್

ನನಗೊಂದು ಸಣ್ಣ ಸಂದೇಹ. ಲಾಂಚ್ ಕಂಟ್ರೋಲ್ ಅಂತ ಎಲ್ಲರೂ ಹೇಳುತ್ತಾರೆ. ಜಿಟಿ-ಆರ್‌ನಲ್ಲಿ ಅದನ್ನು ನಿಜವಾಗಿ ಮಾಡೋದು ಹೇಗೆ?

ಗ್ಯಾರೇಜ್ ಅಣ್ಣ

ಮೊದಲ ವರ್ಷಗಳ ಕಾರಿನ ವಿಷಯ ಹೇಳುತ್ತೇನೆ. ಡ್ಯಾಶ್‌ಬೋರ್ಡ್ ಮಧ್ಯದಲ್ಲಿ ಮೂರು ಸ್ವಿಚ್ ಇವೆ. ಒಂದು ಗೇರ್‌ಬಾಕ್ಸ್‌ಗೆ, ಒಂದು ಸಸ್ಪೆನ್ಷನ್‌ಗೆ, ಒಂದು ಜಾರದಂತೆ ಕಾಯುವ ವಿಡಿಸಿಗೆ. ಗೇರ್‌ಬಾಕ್ಸ್ ಸ್ವಿಚ್ಚನ್ನು ‘ಆರ್’ಗೆ (ರಿವರ್ಸ್ ಅಲ್ಲ, ರೇಸ್) ಹಾಕಬೇಕು. ವಿಡಿಸಿ ಸ್ವಿಚ್ ಒತ್ತಿ ಹಿಡಿದು ಆಫ್ ಮಾಡಬೇಕು. ಎಡಗಾಲಲ್ಲಿ ಬ್ರೇಕ್ ಗಟ್ಟಿಯಾಗಿ ತುಳಿದು ಬಲಗಾಲಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಎಂಜಿನ್ 4,500 ಆರ್‌ಪಿಎಂ ಹತ್ತಿರ ಹೋಗಿ ನಿಲ್ಲುತ್ತದೆ. ಬ್ರೇಕ್ ಬಿಟ್ಟರೆ ಮುಗಿಯಿತು. ಕ್ಲಚ್ ಒಮ್ಮೆಲೇ ಕಚ್ಚಿಕೊಳ್ಳುತ್ತದೆ, ಟೈರ್ ಒಂದು ಕ್ಷಣ ಕಿರುಚಿ ಹಿಡಿದುಕೊಳ್ಳುತ್ತದೆ, ತಲೆ ಸೀಟಿಗೆ ಬಡಿಯುತ್ತದೆ.

ಗೇರ್‌ಬಾಕ್ಸ್‌ಗೆ ಇದು ಕ್ರೂರ ಕೆಲಸ. ಅಮೆರಿಕದಲ್ಲಿ ಕೆಲವರ ಗೇರ್‌ಬಾಕ್ಸ್ ಮುರಿಯಿತು. ವಿಡಿಸಿ ಆಫ್ ಮಾಡಿ ಓಡಿಸಿದ್ದಕ್ಕೆ ವಾರಂಟಿ ಸಿಗುತ್ತದಾ ಇಲ್ವಾ ಅಂತ ದೊಡ್ಡ ಗಲಾಟೆಯೇ ಆಯಿತು. ಆಮೇಲೆ ನಿಸ್ಸಾನ್ ಹೊಸ ಸಾಫ್ಟ್‌ವೇರ್ ಕೊಟ್ಟಿತು. ಕಡಿಮೆ ಆರ್‌ಪಿಎಂನಲ್ಲಿ, ವಿಡಿಸಿ ಪೂರ್ತಿ ಆಫ್ ಆಗದೆ ಹೊರಡುವ ಹಾಗೆ ಮಾಡಿತು. ಚಕ್ರ ಸುಮ್ನೆ ತಿರುಗೋದು ಕಮ್ಮಿಯಾದ್ದರಿಂದ ಸಮಯವೇನೂ ಕೆಡಲಿಲ್ಲ. ಹಿಡಿತ ಇಷ್ಟೇ ಅಂದಮೇಲೆ ಆರ್‌ಪಿಎಂ ಏರಿಸಿ ಪ್ರಯೋಜನವಿಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ.

ಮಲ್ನಾಡ್ ಘಾಟಿ

ಸರಿ, 100ರ ತನಕದ್ದು ಒಪ್ಪಿದೆ. ಹಾಗಾದರೆ 100ರಿಂದ 200ಕ್ಕೆ ಹಗುರದ ಕಾರೇ ಗೆಲ್ಲಬೇಕು ಅಲ್ವಾ? ಅಲ್ಲಿ ಟೈರಿನ ತಕರಾರು ಇಲ್ಲವಲ್ಲ.

ಗ್ಯಾರೇಜ್ ಅಣ್ಣ

ಪ್ರಶ್ನೆ ಸರಿಯಾಗಿದೆ. ವೇಗ ಎರಡು ಪಟ್ಟಾದರೆ ಬೇಕಾದ ಶಕ್ತಿ ನಾಲ್ಕು ಪಟ್ಟು. ಅಂದರೆ 100ರಿಂದ 200ಕ್ಕೆ ಹೋಗಲು 0-100ರ ಮೂರರಷ್ಟು ಬೇಕು. ಜಿಟಿ-ಆರ್‌ಗೆ 21 ಲಕ್ಷ ಜೂಲ್, 911ಗೆ ಸುಮಾರು 19.5 ಲಕ್ಷ. 353 ಕಿಲೋವ್ಯಾಟ್ ಪೂರ್ತಿ ಸಿಕ್ಕರೆ ಜಿಟಿ-ಆರ್‌ಗೆ 6 ಸೆಕೆಂಡ್, 911ಗೆ 5.5. ಅರ್ಧ ಸೆಕೆಂಡ್ ಪೋರ್ಷೆ ಪಾಲಿಗೆ. ಆದರೆ ಪೋರ್ಷೆ ಮ್ಯಾನುಯಲ್ ನಿಜವಾಗಿ ತೆಗೆದುಕೊಳ್ಳುವುದು 8.9. ನಡುವಿನ 3.4 ಸೆಕೆಂಡ್ ಎಲ್ಲಿ ಹೋಯಿತು? ಗೇರ್ ಬದಲಾವಣೆ, ಶಾಫ್ಟ್‌ಗಳ ನಷ್ಟ, ಎಂಜಿನ್ ಎಲ್ಲ ಆರ್‌ಪಿಎಂನಲ್ಲೂ 480 ಕೊಡದಿರುವುದು, ಮತ್ತೆ ಗಾಳಿ.

ಗಾಳಿಯ ಲೆಕ್ಕ ಸಣ್ಣದಲ್ಲ. ವೇಗ ಎರಡು ಪಟ್ಟಾದರೆ ಗಾಳಿ ತಳ್ಳಲು ಬೇಕಾದ ಪವರ್ ಎಂಟು ಪಟ್ಟು. 200ರಲ್ಲಿ ಇಂಥ ಕಾರಿಗೆ ಗಾಳಿಗೇ 60 ಕಿಲೋವ್ಯಾಟ್‌ನಷ್ಟು ಹೋಗುತ್ತದೆ. ಜಿಟಿ-ಆರ್‌ನ ಗಾಳಿ ತಡೆಯ ಅಂಕಿ 0.27. 911 ಟರ್ಬೊದ್ದು 0.31. ಚೌಕಾಕಾರದ ದೊಡ್ಡ ಕಾರು ಗಾಳಿಯಲ್ಲಿ ಜಾರಿಕೊಂಡು ಹೋಗುತ್ತದೆ, ದುಂಡಗಿನ ಚಿಕ್ಕ ಕಾರಿಗೆ ತಡೆ ಜಾಸ್ತಿ! ಜಿಟಿ-ಆರ್ ಎದುರು ನೋಟಕ್ಕೆ ದೊಡ್ಡದಾದ್ದರಿಂದ ಲಾಭ ಪೂರ್ತಿ ಉಳಿಯುವುದಿಲ್ಲ. ಆದರೂ ವೇಗ ಏರಿದಂತೆ ತೂಕದ ಹೊರೆ ಸ್ವಲ್ಪ ತೀರುತ್ತಾ ಬರುತ್ತದೆ.

ನಾಲ್ಕುಗಾಲಿ

ಎರಡು ಪತ್ರಿಕೆಗಳ ಅಂಕಿ ಹೋಲಿಸುವವರಿಗೆ ಒಂದು ಎಚ್ಚರಿಕೆ. ಅಮೆರಿಕದ 0-60 ಅಂದರೆ ಗಂಟೆಗೆ 60 ಮೈಲಿ, 96.6 ಕಿ.ಮೀ. ನಮ್ಮ 0-100 ಅಲ್ಲ. ಇನ್ನೊಂದು, ಅಲ್ಲಿನ ಹಲವು ಪತ್ರಿಕೆಗಳು ಕಾರು ಒಂದು ಅಡಿ ಮುಂದೆ ಸರಿದ ಮೇಲೆ ಗಡಿಯಾರ ಶುರು ಮಾಡುತ್ತವೆ. ಡ್ರ್ಯಾಗ್ ರೇಸ್‌ನ, ಅಂದರೆ ನೇರ ರಸ್ತೆಯ ಓಟದ ಪದ್ಧತಿ ಅದು. ಒಂದು ಅಡಿ ಅಷ್ಟೇ ತಾನೇ ಅನಿಸಬಹುದು. ಇಂಥ ಕಾರುಗಳಿಗೆ ಆ ಒಂದು ಅಡಿಗೇ ಕಾಲು ಸೆಕೆಂಡ್ ಹಿಡಿಯುತ್ತದೆ. ಗಡಿಯಾರ ಶುರುವಾಗುವಾಗ ಕಾರು ಆಗಲೇ ಗಂಟೆಗೆ 8 ಕಿ.ಮೀ. ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಅಲ್ಲಿನ 3.3ಕ್ಕೂ ಯೂರೋಪಿನ 3.7ಕ್ಕೂ ನಿಜದಲ್ಲಿ ಏನೂ ವ್ಯತ್ಯಾಸ ಇಲ್ಲದಿರಬಹುದು. ಹೇಗೆ ಅಳೆದರು ಅಂತ ಹೇಳದ ಅಂಕಿಯನ್ನು ದಯವಿಟ್ಟು ಇಲ್ಲಿ ತಂದು ಹಾಕಬೇಡಿ.

ಟ್ರ್ಯಾಕ್ ಡೇ

ನೇರ ರಸ್ತೆ ಸಾಕು, ತಿರುವಿಗೆ ಬನ್ನಿ. ಜರ್ಮನಿಯ ರೇಸ್ ಟ್ರ್ಯಾಕ್ ನ್ಯೂರ್‌ಬರ್ಗ್‌ರಿಂಗ್‌ನ ಜಗಳ ಯಾರೂ ಎತ್ತಲೇ ಇಲ್ಲ. 2007ರಲ್ಲಿ ಅಲ್ಲಲ್ಲಿ ಒದ್ದೆಯಿದ್ದ ಟ್ರ್ಯಾಕಿನಲ್ಲಿ ಜಿಟಿ-ಆರ್ 7 ನಿಮಿಷ 38 ಸೆಕೆಂಡ್. 2008ರ ಏಪ್ರಿಲ್‌ನಲ್ಲಿ ತೋಶಿಯೊ ಸುಜುಕಿ ಓಡಿಸಿ 7:29. ಆಗ ಪೋರ್ಷೆಯವರು ಏನು ಮಾಡಿದರು ಗೊತ್ತಾ? ಅಮೆರಿಕದಲ್ಲಿ ಒಂದು ಜಿಟಿ-ಆರ್ ಕೊಂಡು ತಂದು ತಾವೇ ಓಡಿಸಿದರು. ಅವರಿಗೆ ಬಂದದ್ದು 7:54. ಅವರದೇ 911 ಟರ್ಬೊಗೆ 7:38. 911 ವಿಭಾಗದ ಮುಖ್ಯಸ್ಥ ಆಗಸ್ಟ್ ಆಖ್‌ಲೈಟ್ನರ್ ಇದನ್ನು ಬಹಿರಂಗವಾಗಿಯೇ ಹೇಳಿದರು. ಅಂಗಡಿಯಲ್ಲಿ ಸಿಗುವ ಟೈರಿನಲ್ಲಿ 7:29 ಸಾಧ್ಯವೇ ಇಲ್ಲ ಅನ್ನೋದು ಅವರ ಮಾತು. ನಿಸ್ಸಾನ್‌ನವರು ಟೈರ್ ಮಾಮೂಲಿನದೇ, ಬೇಕಾದರೆ ಓಡಿಸೋದು ಕಲಿಸಿಕೊಡುತ್ತೇವೆ ಅಂತ ಉತ್ತರ ಕೊಟ್ಟರು.

ಒಂದೇ ಕಾರು, ಒಂದೇ ಟ್ರ್ಯಾಕ್, 25 ಸೆಕೆಂಡ್ ಅಂತರ! 20 ಕಿ.ಮೀ. ದಾಟುವ ಸುತ್ತಿನಲ್ಲಿ ಡ್ರೈವರ್ ಅಭ್ಯಾಸಕ್ಕೆ, ಬಿಸಿಲಿಗೆ, ಟೈರಿಗೆ ಅಷ್ಟು ಜಾಗ ಇದೆ. ನಾನಂತೂ ಯಾರನ್ನೂ ಸುಳ್ಳುಗಾರ ಅನ್ನುವುದಿಲ್ಲ. ಕಂಪನಿಯವರೇ ಓಡಿಸಿದ ಸಮಯವನ್ನು ಕಂಪನಿಯ ಜಾಹೀರಾತು ಅಂತಲೇ ಓದುತ್ತೇನೆ.

ಬ್ರೇಕ್ ಬಗ್ಗೆಯೂ ಒಂದು ಮಾತು. ಜಿಟಿ-ಆರ್‌ನ ನಾಲ್ಕೂ ಚಕ್ರಕ್ಕೆ 380 ಮಿ.ಮೀ. ಬ್ರೆಂಬೊ ಡಿಸ್ಕ್. 911ಗೆ 350 ಮಿ.ಮೀ. ಸ್ಟ್ಯಾಂಡರ್ಡ್, ಮುಂದೆ 380ರ ಸೆರಾಮಿಕ್ ಬೇಕೆಂದರೆ ಹೆಚ್ಚು ದುಡ್ಡು. 155 ಕೆ.ಜಿ. ಜಾಸ್ತಿ ಇರುವ ಕಾರಿಗೆ ದೊಡ್ಡ ಡಿಸ್ಕ್ ಬೇಕೇ ಬೇಕು. ಟ್ರ್ಯಾಕಿನಲ್ಲಿ ಸುತ್ತು ಮೇಲೆ ಸುತ್ತು ಹೊಡೆದಾಗ ಹಗುರದ ಕಾರಿನ ಟೈರು, ಪ್ಯಾಡು ಉಳಿಯುತ್ತವೆ. ಅದು ಯಾವ 0-100 ಪಟ್ಟಿಯಲ್ಲೂ ಕಾಣಲ್ಲ.

ಹೊಸ ಲೈಸೆನ್ಸ್

ಈ ಕಾರುಗಳು ಬೆಂಗಳೂರಿನಲ್ಲಿ ಅದೇ ಸಮಯ ಕೊಡುತ್ತವಾ? ಎತ್ತರದಲ್ಲಿ ಎಂಜಿನ್ ಸೋಲುತ್ತದೆ ಅಂತ ಕೇಳಿದ್ದೇನೆ.

ಗ್ಯಾರೇಜ್ ಅಣ್ಣ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಗಾಳಿಯ ಒತ್ತಡ ಮಂಗಳೂರಿಗಿಂತ ಶೇಕಡಾ 10ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಹತ್ತಿರ ಹತ್ತಿರ ಅಷ್ಟೇ ಪವರ್ ಕಳೆದುಕೊಳ್ಳುತ್ತದೆ. ಟರ್ಬೊ ಇದ್ದರೆ ಅದು ಇನ್ನಷ್ಟು ಜೋರಾಗಿ ತಿರುಗಿ ಬಹುಪಾಲು ತುಂಬಿಕೊಡುತ್ತದೆ. ನಮ್ಮಲ್ಲಿ ಎತ್ತರಕ್ಕಿಂತ ದೊಡ್ಡ ಶತ್ರು ಬಿಸಿಲು ಮತ್ತು ಪೆಟ್ರೋಲ್. ಇಂಥ ಎಂಜಿನ್‌ಗಳಿಗೆ 98 ಆಕ್ಟೇನ್ ಬೇಕು. ಬಂಕಿನಲ್ಲಿ ಸಿಗುವ ಮಾಮೂಲಿ ಪೆಟ್ರೋಲ್ ಅದಕ್ಕಿಂತ ಕಡಿಮೆ. ಅದನ್ನು ಹಾಕಿದರೆ ಎಂಜಿನ್ ಬಡಿಯಲು ಶುರುವಾಗುತ್ತದೆ. ಕಂಪ್ಯೂಟರ್ ಅದನ್ನು ಕೇಳಿಸಿಕೊಂಡು ಸ್ಪಾರ್ಕನ್ನು ತಡ ಮಾಡುತ್ತದೆ. ಪವರ್ ಇಳಿಯುತ್ತದೆ. 2020ರ ಡಿಸೆಂಬರ್‌ನಲ್ಲಿ ಇಂಡಿಯನ್ ಆಯಿಲ್ 100 ಆಕ್ಟೇನ್ ಪೆಟ್ರೋಲ್ ತಂದಮೇಲೆ ಈ ಕಾರು ಇಟ್ಟವರಿಗೆ ನೆಮ್ಮದಿಯಾಯಿತು.

ನಿಸ್ಸಾನ್ ಜಿಟಿ-ಆರ್ ಅನ್ನು ಅಧಿಕೃತವಾಗಿ ಇಲ್ಲಿಗೆ ತಂದದ್ದು 2016ರ ಡಿಸೆಂಬರ್‌ನಲ್ಲಿ. 570 ಪಿಎಸ್‌ನ ಹೊಸ ರೂಪ, ದೆಹಲಿ ಎಕ್ಸ್‌-ಷೋರೂಂ 1.99 ಕೋಟಿ. ಅಮೆರಿಕದಲ್ಲಿ ಮೊದಲು ಬಂದಾಗ 69,850 ಡಾಲರ್ ಇತ್ತು. 911 ಟರ್ಬೊ ಆಗ 1.2 ಲಕ್ಷ ಡಾಲರ್ ದಾಟಿತ್ತು. ಎರಡು ಕಾರಿನ ವಾದ ಅಷ್ಟು ಬಿಸಿಯಾಗಲು ಈ ಬೆಲೆಯೇ ಅರ್ಧ ಕಾರಣ.

ಸ್ಟುಟ್‌ಗಾರ್ಟ್ ಕನ್ನಡಿಗ

ಪೋರ್ಷೆ ಕೊಟ್ಟ ನಿಜವಾದ ಉತ್ತರ ಟ್ರ್ಯಾಕಿನ ಮಾತಿನಲ್ಲಿ ಅಲ್ಲ, 2009ರಲ್ಲಿ ಬಂತು. 3.8 ಲೀಟರ್ ಹೊಸ ಎಂಜಿನ್, ಪೆಟ್ರೋಲ್ ನೇರ ಸಿಲಿಂಡರಿಗೆ, 500 ಪಿಎಸ್. ಬರೀ 20 ಪಿಎಸ್ ಜಾಸ್ತಿ. ಆದರೆ ಜೊತೆಗೆ ಪಿಡಿಕೆ ಬಂತು. ಏಳು ಗೇರಿನ, ಎರಡು ಕ್ಲಚ್‌ನ ಬಾಕ್ಸ್. ಸ್ಪೋರ್ಟ್ ಕ್ರೋನೊ ಪ್ಯಾಕೇಜ್ ತಗೊಂಡರೆ ಲಾಂಚ್ ಕಂಟ್ರೋಲ್. 0-100 ಒಮ್ಮೆಲೇ 3.4ಕ್ಕೆ ಇಳಿಯಿತು. 3.9ರಿಂದ 3.4. ಆ ಅರ್ಧ ಸೆಕೆಂಡನ್ನು 20 ಪಿಎಸ್ ತಂದಿತು ಅಂತ ಯಾರಾದರೂ ಹೇಳುತ್ತೀರಾ?

ಟ್ರ್ಯಾಕ್ ಡೇ

ಇಲ್ಲ ಸರ್. ಅದಕ್ಕೇ ಜಿಟಿ-ಆರ್ ಮೇಲೆ ನನಗೆ ಗೌರವ. ಆ ಬೆಲೆಗೆ ಆ ಗೇರ್‌ಬಾಕ್ಸ್ ಕೊಟ್ಟು ಎಲ್ಲರನ್ನೂ ಆ ಕಡೆ ಓಡಿಸಿತು. 2025ರ ಆಗಸ್ಟ್‌ನಲ್ಲಿ ತೊಚಿಗಿ ಕಾರ್ಖಾನೆಯಿಂದ ಕೊನೆಯ ಆರ್35 ಹೊರಬಂತು. ಹದಿನೆಂಟು ವರ್ಷ, ಸುಮಾರು 48,000 ಕಾರು. ಪ್ರತಿ ಎಂಜಿನ್ನನ್ನೂ ಒಬ್ಬನೇ ಕುಶಲಕರ್ಮಿ ಕೈಯಾರೆ ಜೋಡಿಸಿದ್ದು. ಇಷ್ಟು ವರ್ಷ ಒಂದೇ ಅಡಿಪಾಯದ ಮೇಲೆ ನಿಂತು ಸ್ಪರ್ಧೆಯಲ್ಲಿ ಉಳಿದ ಇನ್ನೊಂದು ಸ್ಪೋರ್ಟ್ಸ್ ಕಾರು ನನಗೆ ನೆನಪಾಗುತ್ತಿಲ್ಲ.

ಮಲ್ನಾಡ್ ಘಾಟಿ

ನನಗೆ ಬೇಕಾದದ್ದು ಬೇರೆ. ಘಾಟಿಯಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡು, ನೇರ ರಸ್ತೆ ಕಂಡ ಕೂಡಲೇ ದಾಟಬೇಕು. ಗೇರ್ ಇಳಿಸದೆ ಎಳೆಯಬೇಕು. ಅದರಲ್ಲಿ ಯಾವುದು ಮುಂದು?

ಸ್ಟುಟ್‌ಗಾರ್ಟ್ ಕನ್ನಡಿಗ

ಗೇರ್ ಇಳಿಸದೆ ಅಂದರೆ ಸಂಶಯವೇ ಇಲ್ಲ, 997 ಟರ್ಬೊ. ಅದರ 620 ನ್ಯೂಟನ್ ಮೀಟರ್ 1,950 ಆರ್‌ಪಿಎಂಗೇ ಪೂರ್ತಿ ಸಿಗುತ್ತದೆ, 5,000ದ ತನಕ ಇರುತ್ತದೆ. ಜಿಟಿ-ಆರ್‌ನ 588 ಬರೋದು 3,200ರಿಂದ. ಈ ವ್ಯತ್ಯಾಸಕ್ಕೆ ಕಾರಣ ಪೋರ್ಷೆಯ ಟರ್ಬೊ ಒಳಗಿರುವ ಅಲುಗಾಡುವ ಸಣ್ಣ ರೆಕ್ಕೆಗಳು. ಎಂಜಿನ್ ನಿಧಾನ ಇದ್ದಾಗ ಅವು ಮುಚ್ಚಿಕೊಂಡು ಹೊಗೆಯನ್ನು ಕಿರಿದಾದ ಸಂದಿಯಲ್ಲಿ ನುಗ್ಗಿಸುತ್ತವೆ, ಟರ್ಬೊ ಬೇಗ ತಿರುಗುತ್ತದೆ. ಎಂಜಿನ್ ಜೋರಾದಾಗ ತೆರೆದುಕೊಳ್ಳುತ್ತವೆ. ಡೀಸೆಲ್‌ನಲ್ಲಿ ಇದು ಮೊದಲೇ ಇತ್ತು. ಪೆಟ್ರೋಲ್ ಹೊಗೆ 1,000 ಡಿಗ್ರಿ ಮುಟ್ಟುತ್ತದೆ. ಆ ಬಿಸಿ ತಡೆಯುವ ಲೋಹ ಹುಡುಕಿ ರಸ್ತೆ ಕಾರಿಗೆ ತಂದದ್ದೇ ಈ 997ರ ದೊಡ್ಡ ಸಾಧನೆ.

ಪೋರ್ಷೆ ಕೊಟ್ಟ ಅಂಕಿ: ಐದನೇ ಗೇರಿನಲ್ಲೇ 80ರಿಂದ 120ಕ್ಕೆ 3.8 ಸೆಕೆಂಡ್. ಸ್ಪೋರ್ಟ್ ಕ್ರೋನೊ ಇದ್ದರೆ 10 ಸೆಕೆಂಡ್ ಹೊತ್ತು ಟಾರ್ಕ್ 680ಕ್ಕೆ ಏರುತ್ತದೆ, ಆಗ 3.5.

ಗ್ಯಾರೇಜ್ ಅಣ್ಣ

ಅದಕ್ಕೆ ಒಂದೇ ತಿದ್ದುಪಡಿ. ಜಿಟಿ-ಆರ್ ಅನ್ನು ಆಟೊಮ್ಯಾಟಿಕ್‌ನಲ್ಲೇ ಬಿಟ್ಟು ಪೂರ್ತಿ ತುಳಿದರೆ ಗೇರ್‌ಬಾಕ್ಸ್ ತಾನಾಗಿಯೇ ಎರಡು ಮೂರು ಗೇರ್ ಇಳಿಸಿಬಿಡುತ್ತದೆ. ಆಗ 3,200ರ ಮೇಲೇ ಇರುತ್ತೀರಿ, ಲಾರಿ ಹಿಂದೆ ಬಿದ್ದಿರುತ್ತದೆ. ಗೇರ್ ಮುಟ್ಟದೆ, ಸದ್ದು ಮಾಡದೆ ದಾಟಬೇಕು ಅಂದರೆ ಮಾತ್ರ 997. ಘಾಟಿಯವರಿಗೆ ಮ್ಯಾನುಯಲ್ 997 ಸರಿ. ಕ್ಲಚ್ ಪೆಡಲ್ ಸ್ವಲ್ಪ ಗಟ್ಟಿ, ಟ್ರಾಫಿಕ್ಕಿನಲ್ಲಿ ಎಡಗಾಲು ನೋಯುತ್ತದೆ, ಅದೊಂದು ತಿಳಿದಿರಲಿ.

ಮಲ್ನಾಡ್ ಘಾಟಿ

ಚಾರ್ಮಾಡಿಯಲ್ಲಿ ಟ್ರಾಫಿಕ್ ಕಮ್ಮಿ ಅಣ್ಣಾ. ಕಾಲು ನೋವು ತಡೆದುಕೊಳ್ಳುತ್ತೇನೆ. ನನ್ನ ಓಟು ಪೋರ್ಷೆಗೆ.